ಊರಿನ ಹಸಿರು ಕಲ್ಲು ಹುಟ್ಟಿದ್ದೆಲ್ಲಿ? ಪಾರಸಿಕ ಗುಡ್ಡದಿಂದ ಕಪ್ಪತಗುಡ್ಡದವರೆಗೆ

ಕಳವಾದ ಸೊಸೈಟಿ ಹಾಲ್‌ನಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತಿನ ಬರಹರೂಪ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇವೆ. ಕೊನೆಯಲ್ಲಿ ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇವೆ.

ವಾರದಲ್ಲಿ ಸಿಗೋದೇ ಒಂದು ಭಾನುವಾರ, ಅದರಲ್ಲೂ ನಿದ್ದೆ ಬಿಟ್ಟು ಕಲ್ಲಿನ ಬಗ್ಗೆ ಕೇಳೋಕೆ ಬಂದಿದ್ದೀರಿ. ಡೊಂಬಿವಲಿ, ಕಲ್ಯಾಣದಿಂದಲೂ ಕೆಲವರು ಬಂದಿದ್ದಾರೆ. ಮೊದಲು ಒಂದು ಧನ್ಯವಾದ.

ನನ್ನ ಪರಿಚಯ ಎರಡು ಮಾತಲ್ಲಿ ಹೇಳಿಬಿಡ್ತೀನಿ. ಊರು ಗದಗ ಜಿಲ್ಲೆ, ಮುಂಡರಗಿ ಕಡೆಯ ಒಂದು ಹಳ್ಳಿ. ಓದಿದ್ದು ಭೂವಿಜ್ಞಾನ, ಎಂ.ಎಸ್ಸಿ. ಮಾಡ್ತಿರೋದು ಐರೋಲಿಯಲ್ಲಿ ಡೇಟಾ ಕೆಲಸ. ನಮ್ಮಲ್ಲಿ ಇಂಥವರು ಬಹಳ ಜನ ಇದ್ದಾರೆ, ಓದಿದ್ದೊಂದು, ಹೊಟ್ಟೆಪಾಡು ಇನ್ನೊಂದು. ಹಾಗಾಗಿ ಇವತ್ತು ನಾನು ವಿಜ್ಞಾನಿಯಾಗಿ ಮಾತಾಡ್ತಿಲ್ಲ. ಹಳೆಯ ಒಂದು ಬಾಕಿ ತೀರಿಸೋಕೆ ಬಂದಿದ್ದೀನಿ.

ಆ ಬಾಕಿ ಇದು, ನೋಡಿ. (ಕಲ್ಲನ್ನು ಎತ್ತಿ ತೋರಿಸುತ್ತಾರೆ.) ಒಂದು ಮುಷ್ಟಿ ಗಾತ್ರದ ಕಲ್ಲು. ಹೊರಗಡೆ ಕಂದು, ಒಡೆದ ಕಡೆ ಕಪ್ಪು ಮಿಶ್ರಿತ ಹಸಿರು. ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಭಾರಕ್ಕೆ ಇಡ್ತಿದ್ದ ಕಲ್ಲು. ನಾನು ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ ಅಪ್ಪ ಇದನ್ನ ಕೈಗೆ ಕೊಟ್ಟು ಕೇಳಿದ್ರು, "ತಮ್ಮಾ, ನೀ ಕಲ್ಲಿನ ಶಾಲಿ ಕಲಿಯಾಕತ್ತಿ. ಈ ಕಲ್ಲು ಎಲ್ಲಿಂದ ಬಂದೈತಿ ಹೇಳು ನೋಡೋಣ." ನಾನು ಒಂದು ಕ್ಷಣವೂ ಯೋಚಿಸದೆ ಹೇಳಿದೆ, "ಅಪ್ಪಾ, ಇದು ಸಮುದ್ರದಾಗಿನ ಬೆಂಕಿ ಬೆಟ್ಟದ ದ್ವೀಪದ್ದು." ಅಪ್ಪ ಇಡೀ ಊರಿಗೆ ಹೇಳಿಕೊಂಡು ಬಂದ್ರು. ನಮ್ಮ ಗುಡ್ಡ ಮೊದಲು ದ್ವೀಪ ಆಗಿತ್ತಂತ, ನಮ್ಮ ಹುಡುಗ ಹೇಳ್ಯಾನ, ಅಂತ.

ಎರಡು ತಿಂಗಳ ನಂತರ ನನ್ನ ಮೌಖಿಕ ಪರೀಕ್ಷೆ. ಒಂಬತ್ತು ಕಲ್ಲಿನ ಮಾದರಿಗಳನ್ನ ಒಂದು ನಕ್ಷೆಯ ಮೇಲೆ ಚುಕ್ಕಿ ಇಟ್ಟು, ಎಲ್ಲವೂ ದ್ವೀಪದ ಚೌಕದೊಳಗೆ ಬಿದ್ದಿವೆ, ಆದ್ದರಿಂದ ದ್ವೀಪ, ಅಂದೆ. ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದ್ರು: "ಬೇರೆ ಯಾವ ದಾರಿಯಿಂದಲೂ ಚುಕ್ಕಿ ಅಲ್ಲಿಗೆ ಬೀಳಲ್ಲ ಅಂತ ನಿನಗೆ ಹೇಗೆ ಗೊತ್ತು?" ನನಗೆ ಉತ್ತರ ಇರಲಿಲ್ಲ. ಪಾಸಾದೆ. ಆದ್ರೆ ಅಪ್ಪನಿಗೆ ಹೇಳಿದ ಮಾತನ್ನ ತಿದ್ದೋಕೆ ಹೋಗಲಿಲ್ಲ. ಈಗ ಅಪ್ಪ ಇಲ್ಲ. ಅವರಿಗೆ ಹೇಳಬೇಕಿದ್ದ ಸರಿಯಾದ ಉತ್ತರವನ್ನ ನಿಮಗೆ ಹೇಳ್ತೀನಿ.

ಕಿಟಕಿಯಾಚೆಯ ಗುಡ್ಡ

ಮೊದಲು ಇಲ್ಲಿಂದಲೇ ಶುರು ಮಾಡೋಣ. ಈ ಹಾಲಿನ ಕಿಟಕಿಯಿಂದ ಕಾಣೋದು ಪಾರಸಿಕ ಗುಡ್ಡ. ಇದರ ಹೊಟ್ಟೆಯಲ್ಲಿ 1916ರಿಂದ ರೈಲಿನ ಸುರಂಗ ಇದೆ. ಗುಡ್ಡದ ಬದಿಯಲ್ಲಿ ಖಡಿಗಾಗಿ ಕಡಿದ ಗಾಯಗಳೂ ಕಾಣ್ತವೆ. ನಮ್ಮ ಬಿಲ್ಡಿಂಗಿನ ಕಾಂಕ್ರೀಟಿನಲ್ಲಿ ಇರೋದೂ ಬಹುಮಟ್ಟಿಗೆ ಇಂಥದೇ ಕರಿಕಲ್ಲು. ಹೆಸರು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಲಾವಾ ಉಕ್ಕಿ, ಒಂದರ ಮೇಲೊಂದು ಪದರವಾಗಿ ಹರಿದು ಆದದ್ದು. ದಖನ್ ಟ್ರ್ಯಾಪ್ ಅಂತಾರೆ. ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಲ್ಲ, ಅದಕ್ಕೇ ಆ ಹೆಸರು.

ಇದು ದ್ವೀಪದ ಕಲ್ಲಲ್ಲ. ಖಂಡದ ಮೇಲೆಯೇ ಹರಿದ ಲಾವಾ. ಆಳದಿಂದ ಬಿಸಿ ಬಂಡೆ ಮೇಲೇರುವಾಗ ಒತ್ತಡ ಕಡಿಮೆಯಾಗುತ್ತೆ, ಒತ್ತಡ ಇಳಿದಾಗ ಬಂಡೆ ಕರಗುತ್ತೆ. ಇದನ್ನ ನೆನಪಿಡಿ, ಮುಂದೆ ಬೇಕಾಗುತ್ತೆ.

ಈಗ ಊರಿಗೆ ಹೋಗೋ ಬಸ್ಸು ಹತ್ತಿ. ಹಳೆಯ ಎನ್.ಎಚ್. 4 ಶುರುವಾಗ್ತಿದ್ದದ್ದೇ ನಮ್ಮ ಠಾಣೆಯ ಹತ್ತಿರ, ಮುಂಬ್ರಾ, ಪನವೇಲ್ ಮೇಲೆ ಪುಣೆಗೆ. ರಾತ್ರಿ ಇಡೀ, ಪುಣೆ, ಸಾತಾರಾ, ಕೊಲ್ಹಾಪುರ ದಾಟೋವರೆಗೂ, ನಿಮ್ಮ ಚಕ್ರದ ಕೆಳಗೆ ಇದೇ ಕರಿಕಲ್ಲಿನ ರಾಜ್ಯ. ಬೆಳಗಾವಿಯ ಆಸುಪಾಸಿನಲ್ಲಿ ಅದರ ಅಂಚು ಬರುತ್ತೆ. ಧಾರವಾಡಕ್ಕೆ ಬಂದು ಚಹಾಕ್ಕೆ ಇಳಿದಾಗ ನೀವು ನಿಂತಿರೋ ನೆಲ ಬೇರೆ. ಒಂದು ರಾತ್ರಿಯ ಪ್ರಯಾಣದಲ್ಲಿ 6 ಕೋಟಿ ವರ್ಷದ ಕಲ್ಲಿನಿಂದ 260 ಕೋಟಿ ವರ್ಷದ ಕಲ್ಲಿಗೆ ಬಂದಿರ್ತೀರಿ. ಸುಮಾರು ನಲವತ್ತು ಪಟ್ಟು ಹಳೆಯದು. ನಾವು ಆಗ ಫೋನ್ ನೋಡ್ತಿರ್ತೀವಿ.

ಆ ಹಳೆಯ ಕಲ್ಲುಗಳಿಗೆ ಧಾರವಾಡದ ಹೆಸರನ್ನೇ ಇಟ್ಟವರು ರಾಬರ್ಟ್ ಬ್ರೂಸ್ ಫೂಟ್, 1880ರ ದಶಕದಲ್ಲಿ. ಇದೇ ಫೂಟ್ 1874ರಲ್ಲೇ ನಮ್ಮ ಡಂಬಳದ ಗುಡ್ಡಗಳ, ಅಂದ್ರೆ ಕಪ್ಪತಗುಡ್ಡದ, ಚಿನ್ನದ ಕಲ್ಲುಗಳ ಬಗ್ಗೆ ಬರೆದಿದ್ದರು. ಇವತ್ತು ಪ್ರಪಂಚದ ಯಾವ ವಿಶ್ವವಿದ್ಯಾಲಯದಲ್ಲಿ ಹಳೆಯ ಭೂಮಿಯ ಪಾಠ ಮಾಡಿದರೂ ಧಾರವಾಡದ ಹೆಸರು ಬರುತ್ತೆ. ಪೇಡೆಯ ಹೆಸರು ಅಲ್ಲಿಗಿನ್ನೂ ಹೋಗಿಲ್ಲ.

ಹಸಿರು ಯಾಕೆ?

ಹಾಸನ, ಚಿತ್ರದುರ್ಗ, ಗದಗ, ಕೋಲಾರ, ರಾಯಚೂರಿನ ಹಟ್ಟಿ, ಈ ಎಲ್ಲ ಕಡೆ ಉದ್ದುದ್ದ ಪಟ್ಟಿಗಳಾಗಿ ಹಸಿರು ಕಲ್ಲು ಹರಡಿದೆ. ಎರಡು ಬದಿಗೆ ಬಿಳಿ-ಬೂದು ಬಣ್ಣದ ನೈಸ್ ಮತ್ತು ಗ್ರಾನೈಟ್. ಬೆಂಗಳೂರಿನ ಲಾಲ್‌ಬಾಗಿನ ಗುಡ್ಡ ನೋಡಿದವರಿಗೆ ನೈಸ್ ಗೊತ್ತು. ಅದಕ್ಕೆ ಸುಮಾರು 300 ಕೋಟಿ ವರ್ಷ. ಚಿತ್ರದುರ್ಗದ ಕೋಟೆ ನಿಂತಿರೋದು ಗ್ರಾನೈಟ್ ಬಗೆಯ ಬಂಡೆಯ ಮೇಲೆ. ಆದ್ರೆ ಹೈವೇಯಿಂದ ಗಾಳಿಯಂತ್ರಗಳು ಸಾಲಾಗಿ ಕಾಣ್ತವಲ್ಲ, ಆ ಬೆಟ್ಟಸಾಲು ಹಸಿರುಕಲ್ಲಿನ ಪಟ್ಟಿಗೆ ಸೇರಿದ್ದು.

ಹಸಿರುಕಲ್ಲು ಮೂಲದಲ್ಲಿ ಪಾರಸಿಕದ ಕಲ್ಲಿನ ಹಾಗೇ ಕಪ್ಪು ಬಸಾಲ್ಟ್. ನೆಲದೊಳಗೆ ಹೂತು, ಬಿಸಿ ತಿಂದು, ನೀರು ಕುಡಿದು, ಅದರೊಳಗಿನ ಖನಿಜಗಳು ಕ್ಲೋರೈಟ್, ಎಪಿಡೋಟ್, ಆಕ್ಟಿನೋಲೈಟ್ ಎಂಬ ಹಸಿರು ಖನಿಜಗಳಾಗಿ ಬದಲಾದವು. ಹೆಸರು ಬದಲಾಯ್ತು, ಬಣ್ಣ ಬದಲಾಯ್ತು, ಮೈ ಬದಲಾಯ್ತು. ಪ್ರಶ್ನೆ ಏನಂದ್ರೆ, ಇಷ್ಟೆಲ್ಲ ಬದಲಾದ ಮೇಲೆ ಹುಟ್ಟಿದ ಜಾಗದ ಗುರುತು ಏನಾದ್ರೂ ಉಳಿದಿರುತ್ತಾ?

ಒಂದು ಗುರುತು ಕಣ್ಣಿಗೇ ಕಾಣುತ್ತೆ. ಚಿತ್ರದುರ್ಗದಿಂದ ಹಿರಿಯೂರು ಕಡೆ ಹೋಗುವಾಗ ಐಮಂಗಲದ ಹತ್ತಿರ ಮರಡಿಹಳ್ಳಿ ಅಂತ ಊರಿದೆ. ಅಲ್ಲಿ ದಿಂಬುಗಳನ್ನ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಕಲ್ಲುಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ಸಾವಿರ ಡಿಗ್ರಿಗೂ ಮೀರಿದ ಬಿಸಿಯ ಲಾವಾ ನೀರಿನೊಳಗೆ ಬಂದ ಕೂಡಲೇ ಹೊರಗಿನ ಚರ್ಮ ಗಟ್ಟಿಯಾಗುತ್ತೆ, ಒಳಗೆ ಇನ್ನೂ ದ್ರವ. ಚರ್ಮ ಒಡೆದು ಮುಂದಕ್ಕೆ ಇನ್ನೊಂದು ದಿಂಬು ಉಬ್ಬುತ್ತೆ. ಮೇಲಿನ ದಿಂಬು ಕೆಳಗಿನ ದಿಂಬುಗಳ ಸಂದಿಗೆ ಇಳಿದು ಕೂರೋದರಿಂದ ಅದರ ತಲೆ ಗುಂಡಗೆ, ಬುಡ ಚೂಪು. ಅದನ್ನ ನೋಡಿಯೇ ಆ ಪದರ ಈಗ ನೆಟ್ಟಗಿದೆಯಾ, ತಲೆಕೆಳಗಾಗಿದೆಯಾ ಅಂತ ಹೇಳಬಹುದು.

ಅಂದ್ರೆ ಚಿತ್ರದುರ್ಗದಲ್ಲಿ ಒಮ್ಮೆ ನೀರಿನೊಳಗೆ ಲಾವಾ ಉಕ್ಕಿತ್ತು ಅನ್ನೋದು ಖಚಿತ. ಆದ್ರೆ ಅದು ದ್ವೀಪದ ಬುಡವೋ, ಸಾಗರದ ನಡುವಿನ ನೆಲವೋ, ಖಂಡ ಸೀಳಿ ನೀರು ನುಗ್ಗಿದ ಜಾಗವೋ? ದಿಂಬು ಅದನ್ನ ಹೇಳಲ್ಲ. ಅದಕ್ಕೆ ಕಲ್ಲಿನ ರಸಾಯನ ನೋಡಬೇಕು.

ನೀರು ಇಳಿದಲ್ಲಿ ಬೆಂಕಿ

ದ್ವೀಪಗಳ ಕಮಾನು ಅಂದ್ರೇನು ಅಂತ ಮೊದಲು ಹೇಳ್ತೀನಿ, ಐಲ್ಯಾಂಡ್ ಆರ್ಕ್. ಭೂಪಟದಲ್ಲಿ ಜಪಾನ್, ಮರಿಯಾನಾ, ಇಂಡೋನೇಷ್ಯಾ ನೋಡಿ, ಬಿಲ್ಲಿನ ಹಾಗೆ ಬಾಗಿದ ದ್ವೀಪಗಳ ಸಾಲು. ನಮ್ಮ ದೇಶದಲ್ಲೂ ಒಂದು ಉದಾಹರಣೆ ಇದೆ. ಅಂಡಮಾನಿನ ಬ್ಯಾರನ್ ದ್ವೀಪ, ಪೋರ್ಟ್ ಬ್ಲೇರ್‌ನಿಂದ ಸುಮಾರು 140 ಕಿಲೋಮೀಟರ್. 1787ರಲ್ಲಿ ಅದು ಉಗುಳಿದ್ದು ದಾಖಲಾಗಿದೆ. ಆಮೇಲೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಸುಮ್ಮನಿದ್ದು, 1991ರಲ್ಲಿ ಮತ್ತೆ ಎದ್ದಿತು.

ಅಲ್ಲಿ ಭಾರತದ ಭೂಫಲಕ ಪೂರ್ವದ ಫಲಕದ ಕೆಳಗೆ ಜಾರಿ ಇಳೀತಾ ಇದೆ. 2004ರ ಡಿಸೆಂಬರ್ 26ರ ಭೂಕಂಪ, ಸುನಾಮಿ ಆದದ್ದೂ ಇದೇ ಜಾರುವ ಗಡಿಯಲ್ಲಿ.

ಈಗ ಸೋಜಿಗ ನೋಡಿ. ಕೆಳಗೆ ಇಳಿಯೋ ಫಲಕ ತಣ್ಣಗಿನದು. ತಣ್ಣಗಿನ ವಸ್ತು ಒಳಗೆ ಹೋದಲ್ಲಿ ಬೆಂಕಿ ಬೆಟ್ಟ ಯಾಕೆ ಏಳಬೇಕು? ಉತ್ತರ ನೀರು. ಸಾಗರದ ತಳದಲ್ಲಿ ಕೋಟ್ಯಂತರ ವರ್ಷ ನೆನೆದ ಫಲಕ ತನ್ನ ಖನಿಜಗಳೊಳಗೆ ನೀರನ್ನ ಕಟ್ಟಿಕೊಂಡೇ ಇಳಿಯುತ್ತೆ. ಸುಮಾರು ನೂರು ಕಿಲೋಮೀಟರ್ ಆಳದ ಹೊತ್ತಿಗೆ ಒತ್ತಡಕ್ಕೆ, ಬಿಸಿಗೆ ಆ ಖನಿಜಗಳು ಒಡೆದು ನೀರು ಹೊರಗೆ ಬರುತ್ತೆ. ಆ ನೀರು ಮೇಲಿನ ಬಿಸಿ ಮ್ಯಾಂಟಲ್ ಬಂಡೆಗೆ ಸೇರಿದಾಗ ಬಂಡೆ ಕರಗುವ ಉಷ್ಣತೆ ನೂರಾರು ಡಿಗ್ರಿ ಇಳಿಯುತ್ತೆ. ಐಸಿಗೆ ಉಪ್ಪು ಹಾಕಿದರೆ ಹೇಗೆ ಕರಗುತ್ತೋ, ಹಾಗೆ.

ಪಾರಸಿಕದ ಕಲ್ಲು ಕರಗಿದ್ದು ಒತ್ತಡ ಇಳಿದದ್ದಕ್ಕೆ. ದ್ವೀಪದ ಕಲ್ಲು ಕರಗಿದ್ದು ನೀರು ಸೇರಿದ್ದಕ್ಕೆ. ಎರಡೂ ಬಸಾಲ್ಟೇ. ಆದ್ರೆ ನೀರಿನಿಂದ ಹುಟ್ಟಿದ ಕಲ್ಲಿನಲ್ಲಿ ನೀರಿನ ಲೆಕ್ಕ ಉಳಿದಿರುತ್ತೆ.

ಗೈರುಹಾಜರಿಯ ಸಾಕ್ಷಿ

ನೀರು ಮೇಲೇರುವಾಗ ಬರಿಗೈಯಲ್ಲಿ ಹೋಗಲ್ಲ. ಪೊಟ್ಯಾಸಿಯಂ, ಬೇರಿಯಂ, ಸ್ಟ್ರಾಂಷಿಯಂ, ಸೀಸ, ಇಂಥವನ್ನ ಕರಗಿಸಿ ಹೊತ್ತೊಯ್ಯುತ್ತೆ. ಫಲಕದ ಮೇಲಿದ್ದ ಕೆಸರು ಕರಗಿದರೆ ಥೋರಿಯಂ, ಲ್ಯಾಂಥನಂ ಕೂಡ ಮೇಲಕ್ಕೆ ಹೋಗ್ತವೆ. ಆದ್ರೆ ಕೆಲವು ಧಾತುಗಳು ಹೊರಡೋದೇ ಇಲ್ಲ. ನಿಯೋಬಿಯಂ, ಟ್ಯಾಂಟಲಂ, ಟೈಟಾನಿಯಂ. ಇವಕ್ಕೆ ನೀರಿನಲ್ಲಿ ಕರಗೋ ಸ್ವಭಾವ ಕಡಿಮೆ. ಜೊತೆಗೆ ಫಲಕದಲ್ಲಿ ರೂಟೈಲ್ ಎಂಬ ಖನಿಜ ಇದ್ದರೆ ಅದು ಇವನ್ನ ಹಿಡಿದಿಟ್ಟುಕೊಳ್ಳುತ್ತೆ. ಹಾಗಾಗಿ ದ್ವೀಪದ ಲಾವಾದಲ್ಲಿ ಲ್ಯಾಂಥನಂ, ಥೋರಿಯಂ ಏರಿರುತ್ತೆ, ನಿಯೋಬಿಯಂ ಮಾತ್ರ ಹಿಂದೆ ಬಿದ್ದಿರುತ್ತೆ.

ಮೂಲ ಮ್ಯಾಂಟಲ್‌ನಲ್ಲಿ ನಿಯೋಬಿಯಂ ಮತ್ತು ಲ್ಯಾಂಥನಂ ಹೆಚ್ಚುಕಡಿಮೆ ಒಂದಕ್ಕೊಂದು ಸಮ, ಅನುಪಾತ 1ರ ಹತ್ತಿರ. ದ್ವೀಪದ ಕಲ್ಲುಗಳಲ್ಲಿ ಆ ಅನುಪಾತ ಅರ್ಧಕ್ಕೂ ಕೆಳಗೆ ಇಳಿಯೋದು ಸಾಮಾನ್ಯ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಹಾಜರಿ ಪುಸ್ತಕದಲ್ಲಿ ಯಾರು ಬಂದಿದ್ದಾರೆ ಅನ್ನೋದಕ್ಕಿಂತ ಯಾರು ಬಂದಿಲ್ಲ ಅನ್ನೋದೇ ಇಲ್ಲಿ ಸಾಕ್ಷಿ.

ಇದನ್ನ ಅಳೆಯೋದು ಹೇಗೆ? ಕಲ್ಲನ್ನ ಹಿಟ್ಟಿನ ಹಾಗೆ ನುಣ್ಣಗೆ ಪುಡಿ ಮಾಡಿ, ಹೈಡ್ರೋಫ್ಲೋರಿಕ್ ಮತ್ತು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಐಸಿಪಿ-ಎಂಎಸ್ ಎಂಬ ಯಂತ್ರಕ್ಕೆ ಕೊಡ್ತಾರೆ. ತೂಕದ ಹತ್ತು ಲಕ್ಷ ಭಾಗದಲ್ಲಿ ಎಷ್ಟು ನಿಯೋಬಿಯಂ ಅಂತ ಅದು ಅಳೆದು ಹೇಳುತ್ತೆ. ಈ ಬಗೆಯ ಅಲ್ಪಾಂಶ ಧಾತುಗಳಿಂದ ಕಲ್ಲಿನ ಹುಟ್ಟೂರು ಹೇಳುವ ನಕ್ಷೆಗಳನ್ನ 1973ರಲ್ಲಿ ಪಿಯರ್ಸ್ ಮತ್ತು ಕ್ಯಾನ್ ಎಂಬ ಇಬ್ಬರು ವಿಜ್ಞಾನಿಗಳು ಮುಂದಿಟ್ಟರು. ನಾನು ಒಂಬತ್ತು ಚುಕ್ಕಿ ಇಟ್ಟದ್ದು ಅದೇ ವಂಶದ ಒಂದು ನಕ್ಷೆಯ ಮೇಲೆ.

ಒಂದು ಎಚ್ಚರಿಕೆ. ಹಳೆಯ ಹಸಿರುಕಲ್ಲಿನಲ್ಲಿ ಬೇರಿಯಂ, ಪೊಟ್ಯಾಸಿಯಂ, ಸ್ಟ್ರಾಂಷಿಯಂ ಲೆಕ್ಕವನ್ನ ನಂಬೋ ಹಾಗಿಲ್ಲ. ನೀರಿನ ಜೊತೆ ಬಂದವು ನೀರಿನ ಜೊತೆ ಹೋಗಿಯೂಬಿಡ್ತವೆ. ಕಲ್ಲು ಹಸಿರಾದಾಗಲೇ ಅವು ಅತ್ತಿತ್ತ ಹರಿದಿರ್ತವೆ. ಉಳಿಯೋದು ಹಟಮಾರಿಗಳು ಮಾತ್ರ: ಟೈಟಾನಿಯಂ, ಜಿರ್ಕೋನಿಯಂ, ಇಟ್ರಿಯಂ, ನಿಯೋಬಿಯಂ, ಥೋರಿಯಂ, ವಿರಳ ಭಸ್ಮ ಧಾತುಗಳು. 260 ಕೋಟಿ ವರ್ಷದ ಹಳೆಯ ಕಲ್ಲಿನ ಕಥೆ ಇವುಗಳ ಬಾಯಿಂದಲೇ ಕೇಳಬೇಕು.

ಎರಡನೇ ಸಲ ಕುದಿಸಿದ ಚಹಾ

ಈಗ ನನ್ನ ಊರಿಗೆ ಬರ್ತೀನಿ. 2005ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಮಾಣಿಕ್ಯಾಂಬ, ನಖ್ವಿ ಮತ್ತು ಸಂಗಡಿಗರು ಒಂದು ಪ್ರಬಂಧ ಪ್ರಕಟಿಸಿದರು. ಗದಗದ ಹಸಿರುಕಲ್ಲಿನ ಪಟ್ಟಿಯಲ್ಲಿ, ಅಂದ್ರೆ ಕಪ್ಪತಗುಡ್ಡ ಇರುವ ಪಟ್ಟಿಯಲ್ಲಿ, ಬೋನಿನೈಟ್ ಎಂಬ ಕಲ್ಲು ಸಿಕ್ಕಿದೆ ಅಂತ.

ಬೋನಿನೈಟ್ ಅನ್ನೋ ಹೆಸರು ಬಂದದ್ದು ಜಪಾನಿನ ಬೋನಿನ್ ದ್ವೀಪಗಳಿಂದ. ಅದರ ಗುಣ ವಿಚಿತ್ರ. ಸಿಲಿಕಾ ಶೇಕಡಾ 52ಕ್ಕೂ ಹೆಚ್ಚು, ಮೆಗ್ನೀಸಿಯಂ ಆಕ್ಸೈಡ್ ಶೇಕಡಾ 8ಕ್ಕೂ ಹೆಚ್ಚು, ಟೈಟಾನಿಯಂ ಆಕ್ಸೈಡ್ ಮಾತ್ರ ಅರ್ಧ ಶೇಕಡಾಕ್ಕಿಂತ ಕಡಿಮೆ. ಸಾಮಾನ್ಯವಾಗಿ ಸಿಲಿಕಾ ಹೆಚ್ಚಿದ್ದಲ್ಲಿ ಮೆಗ್ನೀಸಿಯಂ ಕಡಿಮೆ ಇರುತ್ತೆ. ಎರಡೂ ಒಟ್ಟಿಗೆ ಹೆಚ್ಚಿರೋದು ಅಪರೂಪ.

ಹೀಗೆ ಆಗೋದು ಹೇಗೆ? ಚಹಾ ಸೋಸಿದ ಮೇಲೆ ಉಳಿದ ಪುಡಿಯನ್ನ ಮತ್ತೆ ಕುದಿಸಿದ ಹಾಗೆ. ಮ್ಯಾಂಟಲ್ ಬಂಡೆ ಒಂದು ಸಲ ಕರಗಿ, ಟೈಟಾನಿಯಂ ಮುಂತಾದ ಸಾರವೆಲ್ಲ ಲಾವಾದ ಜೊತೆ ಹೋಗಿಬಿಟ್ಟಿದೆ. ಉಳಿದ ಗಸಿ ಸುಲಭಕ್ಕೆ ಕರಗಲ್ಲ. ಅದನ್ನ ಮತ್ತೆ ಕರಗಿಸಬೇಕಾದ್ರೆ ನೀರು ಬೇಕು. ಅಷ್ಟು ಆಳಕ್ಕೆ ನೀರು ತಲುಪಿಸೋಕೆ ನಮಗೆ ಚೆನ್ನಾಗಿ ಗೊತ್ತಿರೋ ದಾರಿ ಒಂದೇ, ಇಳಿಯುವ ಫಲಕ. ಬೋನಿನ್ ದ್ವೀಪಗಳಲ್ಲಿ ಸುಮಾರು 5 ಕೋಟಿ ವರ್ಷದ ಹಿಂದೆ, ಅಲ್ಲಿ ಫಲಕ ಇಳಿಯೋಕೆ ಶುರುವಾದ ಹೊಸತರಲ್ಲಿ, ಈ ಲಾವಾ ಬಂತು.

ಆದ್ದರಿಂದ ಗದಗದಲ್ಲಿ ಅದೇ ರುಚಿಯ ಕಲ್ಲು ಸಿಕ್ಕಿತು ಅಂದಾಗ ವಾದ ಹೀಗೆ ಸಾಗಿತು: 260 ಕೋಟಿ ವರ್ಷದ ಆಸುಪಾಸಿನಲ್ಲೇ ಇಲ್ಲಿ ಫಲಕ ಇಳೀತಿತ್ತು, ದ್ವೀಪಗಳ ಸಾಲಿತ್ತು, ಕೊನೆಗೆ ಆ ದ್ವೀಪಗಳು ಹಳೆಯ ಖಂಡಕ್ಕೆ ಬಂದು ಢಿಕ್ಕಿ ಹೊಡೆದು ಅಂಟಿಕೊಂಡವು. ಅಪ್ಪನಿಗೆ ನಾನು ಹೇಳಿದ್ದು ಇದೇ ಕಥೆಯ ಸಾರಾಂಶ.

ಖಂಡಾಲಾ ಕಲಿಸಿದ ಪಾಠ

ಹಾಗಾದ್ರೆ ಪರೀಕ್ಷಕರ ಪ್ರಶ್ನೆಗೆ ಅರ್ಥ ಏನು? ಅದು ನನಗೆ ಹೊಳೆದದ್ದು ಈ ಕೆಲಸಕ್ಕೆ ಬಂದ ಎಷ್ಟೋ ವರ್ಷದ ಮೇಲೆ, ಖಂಡಾಲಾ ಘಾಟಿನ ಟ್ರಾಫಿಕ್ಕಿನಲ್ಲಿ. ದೀಪಾವಳಿಗೆ ಊರಿಗೆ ಹೊರಟಿದ್ದೆ. ಎರಡು ಗಂಟೆ ಗಾಡಿ ಅಲುಗಾಡಲಿಲ್ಲ. ನೋಡೋಕೆ ಇದ್ದದ್ದು ಪಕ್ಕದ ಕಲ್ಲಿನ ಗೋಡೆ ಒಂದೇ.

ದಖನ್ ಟ್ರ್ಯಾಪಿನ ಪದರಗಳನ್ನ ರಸಾಯನ ನೋಡಿ ಗುಂಪು ಮಾಡಿ ಹೆಸರಿಟ್ಟಿದ್ದಾರೆ: ಥಾಕೂರ್‌ವಾಡಿ, ಭೀಮಾಶಂಕರ, ಖಂಡಾಲಾ, ಬುಶೆ, ಪೋಲಾದಪುರ, ಅಂಬೇನಳಿ, ಮಹಾಬಳೇಶ್ವರ. ಇವುಗಳಲ್ಲಿ ಅಂಬೇನಳಿ ಸಾಕಷ್ಟು ಶುದ್ಧ, ಮ್ಯಾಂಟಲ್‌ನಿಂದ ಬಂದ ಹಾಗೇ ಇದೆ. ಖಂಡಾಲಾ ಘಾಟಿನ ಕಡೆ ಕಾಣುವ ಬುಶೆ ಗುಂಪು ಹಾಗಲ್ಲ. ಮೇಲೇರುವಾಗ ದಾರಿಯಲ್ಲಿ ಹಳೆಯ ಖಂಡದ ಬಂಡೆಯನ್ನ ಕರಗಿಸಿ ತನ್ನೊಳಗೆ ಸೇರಿಸಿಕೊಂಡು ಬಂದಿದೆ. ಅದಕ್ಕೆ ಸಾಕ್ಷಿ ಸ್ಟ್ರಾಂಷಿಯಂ ಐಸೊಟೋಪುಗಳ ಅನುಪಾತ. ಶುದ್ಧ ಪದರದಲ್ಲಿ 0.704ರ ಆಸುಪಾಸು ಇರೋದು ಬುಶೆಯಲ್ಲಿ 0.713ಕ್ಕೂ ಮೇಲಿದೆ. ನೋಡೋಕೆ ಸಣ್ಣ ವ್ಯತ್ಯಾಸ, ಈ ಲೆಕ್ಕದಲ್ಲಿ ಅದು ಬಹಳ ದೊಡ್ಡದು.

ಖಂಡದ ಬಂಡೆಯಲ್ಲಿ ಲ್ಯಾಂಥನಂ, ಥೋರಿಯಂ ಹೆಚ್ಚು, ನಿಯೋಬಿಯಂ ಕಡಿಮೆ. ಅದನ್ನ ತಿಂದ ಲಾವಾದಲ್ಲಿ ಏನಾಗುತ್ತೆ? ನಿಯೋಬಿಯಂ ಹಿಂದೆ ಬೀಳುತ್ತೆ. ಅಂದ್ರೆ ದ್ವೀಪದ ಮುಖವೇ ಇಲ್ಲೂ ಕಾಣುತ್ತೆ! ಖಂಡದ ನಡುವೆ, ದ್ವೀಪವೇ ಇಲ್ಲದ ಕಡೆ, ನಮ್ಮ ಪುಣೆ ದಾರಿಯ ಕಲ್ಲು ದ್ವೀಪದ ಕಲ್ಲಿನ ವೇಷ ಹಾಕಿದೆ. ನನ್ನ ನಕ್ಷೆಯ ಮೇಲೆ ಬುಶೆ ಕಲ್ಲನ್ನ ಇಟ್ಟಿದ್ದರೆ ಅದೂ ದ್ವೀಪದ ಕಡೆಗೇ ವಾಲುತ್ತಿತ್ತು. ಆಗ ನನಗೆ ಮೌಖಿಕ ಪರೀಕ್ಷೆಯ ಕೋಣೆ ನೆನಪಾಯ್ತು. ಹಿಂದಿನ ಗಾಡಿಯವರು ಹಾರ್ನ್ ಹೊಡೆದಾಗಲೇ ಎಚ್ಚರ.

ಬೋನಿನೈಟಿಗೂ ಇದೇ ಆಕ್ಷೇಪ ಇದೆ. ಹಳೆಯ ಭೂಮಿಯಲ್ಲಿ ಕೊಮಾಟಿಯೈಟ್ ಎಂಬ, ಮೆಗ್ನೀಸಿಯಂ ತುಂಬಿದ, ಬಹಳ ಬಿಸಿ ಲಾವಾ ಇತ್ತು. ಹಾಸನ ಕಡೆಯ ಸರಗೂರು ಗುಂಪಿನ ಹಳೆಯ ಪಟ್ಟಿಗಳಲ್ಲಿ ಅದು ಈಗಲೂ ಇದೆ. ಆ ಲಾವಾ ಖಂಡದ ಬಂಡೆಯನ್ನ ತಿಂದರೆ ಮೆಗ್ನೀಸಿಯಂ ಹೆಚ್ಚು, ಸಿಲಿಕಾವೂ ಹೆಚ್ಚು, ನೋಡೋಕೆ ಬೋನಿನೈಟ್ ತರಹವೇ ಆಗಿಬಿಡಬಹುದು.

ಅದಕ್ಕೇ ಒಂದೇ ಸಾಕ್ಷಿಯ ಮೇಲೆ ತೀರ್ಪು ಕೊಡಬಾರದು. ಎರಡನೇ ಸಾಕ್ಷಿ ನಿಯೋಡಿಮಿಯಂ ಐಸೊಟೋಪು. ಪಕ್ಕದ 300 ಕೋಟಿ ವರ್ಷದ ನೈಸನ್ನ ಲಾವಾ ತಿಂದಿದ್ದರೆ ಆ ಅನುಪಾತ ಹಳೆಯ ಬಂಡೆಯ ಕಡೆಗೆ ವಾಲಬೇಕು. ವಾಲದಿದ್ದರೆ ದ್ವೀಪದ ವಾದಕ್ಕೆ ಬಲ. ಮೂರನೆಯದು ಜಿರ್ಕಾನ್ ಹರಳುಗಳು. ಲಾವಾಕ್ಕಿಂತ ಹಳೆಯ ವಯಸ್ಸಿನ ಹರಳು ಒಳಗೆ ಸಿಕ್ಕರೆ, ಅದು ದಾರಿಯಲ್ಲಿ ಎಲ್ಲೋ ಖಂಡವನ್ನ ಮುಟ್ಟಿ ಬಂದಿದೆ ಅಂತ ಅರ್ಥ. ನಾಲ್ಕನೆಯದು ಬಯಲಿನ ಕೆಲಸ: ಆ ಲಾವಾದ ಕೆಳಗೆ ಏನಿದೆ, ಮೇಲೆ ಏನಿದೆ, ಪಕ್ಕದಲ್ಲಿ ಏನಿದೆ ಅಂತ ಕಾಲಲ್ಲಿ ನಡೆದು ನೋಡೋದು.

ಎರಡು ಮನೆ, ಒಂದು ಜಗಳ

ಈ ಜಗಳ ನಮ್ಮ ನಾಡಿನ ಕಲ್ಲುಗಳ ಮೇಲೆ ನಲವತ್ತು ವರ್ಷದಿಂದ ನಡೀತಾ ಇದೆ. 1989ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಕೋಲಾರದ ಬಗ್ಗೆ ಒಂದು ಪ್ರಬಂಧ ಬಂತು. ಕ್ರಾಗ್‌ಸ್ಟಾಡ್, ಬಾಲಕೃಷ್ಣನ್, ಮುಖ್ಯೋಪಾಧ್ಯಾಯ, ರಾಜಾಮಣಿ, ಹ್ಯಾನ್ಸನ್ ಬರೆದದ್ದು. ಚಿನ್ನದ ಗಣಿಯ ಆ ಸಣ್ಣ ಪಟ್ಟಿಯ ಪೂರ್ವದ ಕಲ್ಲಿಗೂ ಪಶ್ಚಿಮದ ಕಲ್ಲಿಗೂ ಮೂಲ ಬೇರೆ ಬೇರೆ, ಎರಡೂ ಬದಿಯ ನೈಸಿನ ವಯಸ್ಸು, ಚರಿತ್ರೆಯೂ ಬೇರೆ ಬೇರೆ, ಆದ್ದರಿಂದ ಕೋಲಾರ ಅನ್ನೋದು ಎರಡು ಪರಸ್ಪರ ಅಪರಿಚಿತ ನೆಲಗಳನ್ನ 250 ಕೋಟಿ ವರ್ಷದ ಹಿಂದೆ ಹೊಲಿದ ಹೊಲಿಗೆ, ಅಂತ ಅವರ ವಾದ.

ಇನ್ನೊಂದು ಕಡೆ, 1990ರ ದಶಕದಲ್ಲಿ ಫ್ರಾನ್ಸಿನ ಮತ್ತು ಇಲ್ಲಿನ ಸಂಶೋಧಕರು ಬೇರೆ ಚಿತ್ರ ಕೊಟ್ಟರು. ಆಗಿನ ಭೂಮಿಯ ಒಡಲು ಇವತ್ತಿಗಿಂತ ಬಿಸಿ, ನೂರು ಇನ್ನೂರು ಡಿಗ್ರಿ ಹೆಚ್ಚು ಅನ್ನೋದು ಸಾಮಾನ್ಯ ಅಂದಾಜು. ಖಂಡದ ತೊಗಟೆ ಮೆತ್ತಗಿತ್ತು. ಭಾರವಾದ ಲಾವಾ ರಾಶಿ ಮೇಲೆ ಕೂತಿತು, ಹಗುರ ಗ್ರಾನೈಟ್ ಕೆಳಗೆ ಇತ್ತು. ಲಾವಾ ಕೆಳಗೆ ಕುಸಿಯಿತು, ಗ್ರಾನೈಟ್ ಪಕ್ಕದಿಂದ ಗುಮ್ಮಟವಾಗಿ ಎದ್ದಿತು. ಫಲಕವೂ ಬೇಡ, ದ್ವೀಪವೂ ಬೇಡ, ಭಾರ ಮತ್ತು ಬಿಸಿ ಸಾಕು.

ಇದು ಬರಿ ಪಂಡಿತರ ಜಗಳ ಅಲ್ಲ. ಭೂಮಿಯ ಫಲಕಗಳು ಇವತ್ತಿನ ಹಾಗೆ ಚಲಿಸೋಕೆ ಶುರು ಮಾಡಿದ್ದು ಯಾವಾಗ ಅನ್ನೋ ಪ್ರಶ್ನೆಯ ಒಂದು ಉತ್ತರ ಕಪ್ಪತಗುಡ್ಡದಲ್ಲಿ, ಹಟ್ಟಿಯಲ್ಲಿ, ಕೋಲಾರದಲ್ಲಿ ಬಿದ್ದಿದೆ. ಆ ಚಲನೆ ಇಲ್ಲದೆ ಇವತ್ತಿನ ಖಂಡ ಇಲ್ಲ, ಬೆಟ್ಟ ಇಲ್ಲ, ನಾವು ಉಸಿರಾಡೋ ಗಾಳಿಯ ಲೆಕ್ಕವೂ ಹೀಗಿರ್ತಿರಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಎರಡೂ ಮನೆಯವರು ಪೂರ್ತಿ ಸುಳ್ಳಲ್ಲ. ಹಳೆಯ ಪಟ್ಟಿಗಳಿಗೆ, 300 ಕೋಟಿ ವರ್ಷ ದಾಟಿದವಕ್ಕೆ, ಕುಸಿತದ ಕಥೆ ಹೆಚ್ಚು ಹೊಂದುತ್ತೆ. 270ರಿಂದ 250 ಕೋಟಿ ವರ್ಷದ ನಡುವಿನ ಗದಗ, ಹಟ್ಟಿ, ಕೋಲಾರದಂಥ ಪಟ್ಟಿಗಳಲ್ಲಿ ದ್ವೀಪದ ಸಾಕ್ಷಿ ಒಂದಲ್ಲ, ಹಲವು ದಾರಿಯಿಂದ ಬರ್ತಿದೆ. ನನ್ನ ಒಲವು ದ್ವೀಪದ ಕಡೆಗೇ ಇದೆ. ಆದ್ರೆ ಒಲವು ಬೇರೆ, ತೀರ್ಪು ಬೇರೆ. ಅವತ್ತು ನಾನು ಒಲವನ್ನ ತೀರ್ಪು ಅಂತ ಹೇಳಿಬಿಟ್ಟಿದ್ದೆ.

ಅಪ್ಪನಿಗೆ ಉತ್ತರ

ಇವತ್ತು ಅಪ್ಪ ಕೇಳಿದ್ದರೆ ಹೀಗೆ ಹೇಳ್ತಿದ್ದೆ: "ಅಪ್ಪಾ, ಈ ಕಲ್ಲು ಭೂಮಿ ಒಡಲಾಗಿಂದ ಬಂದೈತಿ. ನೀರಾಗ ಹುಟ್ಟೇತಿ ಅನ್ನೋದು ಬಹುಶಃ ಖರೆ. ದ್ವೀಪದ ಮ್ಯಾಲೆ ಹುಟ್ಟಿತ್ತು ಅಂತ ಭಾಳ ಗುರುತು ಅದಾವ. ಆದ್ರ ದಾರ್ಯಾಗ ಖಂಡದ ಕಲ್ಲು ತಿಂದು ಬಂದ್ರೂ ಇಂಥದ ಮುಖ ಆಗ್ತೈತಿ. ಈ ಒಂದ ಕಲ್ಲು ನೋಡಿ ಹೇಳಾಕ ಬರಂಗಿಲ್ಲ. ಗುಡ್ಡದಾಗ ಇದು ಎಲ್ಲಿ ಸಿಕ್ಕಿತ್ತು, ತೋರಿಸು ನಡಿ."

ಆಗ ಅವರು ನನ್ನನ್ನ ಗುಡ್ಡಕ್ಕೆ ಕರ್ಕೊಂಡು ಹೋಗ್ತಿದ್ದರು. ಭರಣಿಯ ಮೇಲಿನ ಕಲ್ಲು ಯಾವ ಹಳ್ಳದಿಂದ ತಂದದ್ದು ಅಂತ ಅವರೊಬ್ಬರಿಗೇ ಗೊತ್ತಿತ್ತು. ಎಲ್ಲಿ ಸಿಕ್ಕಿತು ಅಂತ ಗೊತ್ತಿಲ್ಲದ ಕಲ್ಲು ಪ್ರಯೋಗಾಲಯಕ್ಕೆ ಅರ್ಧ ಮಾತ್ರ ಉಪಯೋಗ. ಉತ್ತರ ಕೊಡೋ ಅವಸರದಲ್ಲಿ ನಾನು ಆ ಪ್ರಶ್ನೆ ಕೇಳಲೇ ಇಲ್ಲ. ಆ ಮಾಹಿತಿ ಈಗ ಯಾರ ಹತ್ತಿರವೂ ಇಲ್ಲ.

ಅದಕ್ಕೆ ಒಂದು ಮಾತು ಹೇಳಿ ಮುಗಿಸ್ತೀನಿ. ಮುಂದಿನ ಸಲ ಊರಿಗೆ ಹೋದಾಗ ಹಿರಿಯರನ್ನ ಕೇಳಿ. ಮನೆಯ ಒರಳು ಯಾವ ಕಲ್ಲು, ಎಲ್ಲಿಂದ ತಂದದ್ದು, ಯಾವ ಹಳ್ಳದಲ್ಲಿ ಎಂಥ ಕಲ್ಲು ಸಿಗ್ತಿತ್ತು. ಬರೆದಿಟ್ಟುಕೊಳ್ಳಿ. ಬೆಂಗಳೂರಿಗೆ ಗಾಡಿಯಲ್ಲಿ ಹೋಗೋರು ಮರಡಿಹಳ್ಳಿಗೆ ಒಂದು ಅರ್ಧ ಗಂಟೆ ಕೊಡಿ. ನೋಡಿ, ಫೋಟೋ ತೆಗೀರಿ, ಚೂರು ಮಾತ್ರ ಒಡೀಬೇಡಿ.

ಕೇಳಿದ ಪ್ರಶ್ನೆಗಳು

ಪ್ರಶ್ನೆ: ದ್ವೀಪದ ಕಲ್ಲಿಗೂ ಚಿನ್ನಕ್ಕೂ ಏನು ಸಂಬಂಧ? ಕೋಲಾರ, ಹಟ್ಟಿ, ಗದಗ, ಎಲ್ಲ ಹಸಿರುಕಲ್ಲಿನಲ್ಲೇ ಯಾಕಿದೆ?

ಉತ್ತರ: ಲಾವಾ ತಂದ ಚಿನ್ನ ಬಹಳ ತೆಳುವಾಗಿ ಹರಡಿರುತ್ತೆ. ಆಮೇಲೆ ಪಟ್ಟಿ ಮಡಿಚಿ, ಬಿಸಿಯಾಗಿ, ಹಸಿರು ಖನಿಜಗಳು ಒಡೆದಾಗ ಬಿಡುಗಡೆಯಾದ ಬಿಸಿನೀರು ಬಿರುಕುಗಳ ಮೂಲಕ ಹರಿಯುತ್ತೆ. ಆ ನೀರು ದಾರಿಯುದ್ದಕ್ಕೂ ಚಿನ್ನವನ್ನ ಕೂಡಿಸಿಕೊಂಡು, ಒಂದು ಕಡೆ ಬಿಳಿ ಸ್ಫಟಿಕದ ಗೆರೆಗಳ ಜೊತೆ ಇಳಿಸುತ್ತೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಹಟ್ಟಿ ಈಗಲೂ ನಡೀತಾ ಇದೆ.

ಪ್ರಶ್ನೆ: ಹಾಗಾದ್ರೆ ಕಪ್ಪತಗುಡ್ಡ ಅಗೆದರೆ ಚಿನ್ನ ಸಿಗುತ್ತಲ್ವಾ? ಊರಿಗೆ ಕೆಲಸ ಬರುತ್ತೆ, ನಾವು ಇಲ್ಲಿಗೆ ಬರೋದೇ ತಪ್ಪುತ್ತಿತ್ತು.

ಉತ್ತರ: ನಿಮ್ಮ ಪ್ರಶ್ನೆ ನನ್ನ ತಮ್ಮನದೂ ಹೌದು, ಅವನು ಊರಲ್ಲೇ ಇದ್ದಾನೆ. ಅಲ್ಲಿ ಚಿನ್ನ ಇದೆ. ಹಿಂದೆ ಹಳ್ಳದ ಮರಳು ಜಾಲಾಡಿ ಚಿನ್ನ ತೆಗೆಯುವವರಿದ್ದರು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಗಣಿಯೂ ನಡೆದಿತ್ತು. ಆದ್ರೆ ಆ ಗುಡ್ಡ ಬಯಲುಸೀಮೆಗೆ ಮಳೆ ಹಿಡಿಯೋ ಕಾಡು, ಔಷಧಿ ಗಿಡಗಳ ತವರು. ಜನರ ದೊಡ್ಡ ಹೋರಾಟದ ನಂತರ 2019ರಲ್ಲಿ ಅದು ವನ್ಯಜೀವಿಧಾಮ ಆಯ್ತು. ನಾನು ಇಷ್ಟು ಹೇಳಬಲ್ಲೆ: ಚಿನ್ನ ಒಂದು ಸಲ ತೆಗೆದರೆ ಮುಗೀತು. ಅದರ ಜೊತೆ, ಭೂಮಿ ಚಲಿಸೋಕೆ ಶುರು ಮಾಡಿದ್ದು ಯಾವಾಗ ಅಂತ ಹೇಳಬಲ್ಲ ಬಂಡೆಯೂ ಖಡಿಯಾಗಿ ಹೋಗುತ್ತೆ. ಹೊರಗೆ ಪಾರಸಿಕದ ಗಾಯ ನೋಡಿದ್ದೀರಲ್ಲ. ದಖನ್ ಕಲ್ಲು ಲಕ್ಷಾಂತರ ಚದರ ಕಿಲೋಮೀಟರ್ ಇದೆ. ಗದಗದ ಬೋನಿನೈಟ್ ಅಷ್ಟಿಲ್ಲ.